ಅತಿಥಿಗೆ ಕೊಟ್ಟ ಅಪ್ಪ

ಯೋಫ್
೧೪ ನವೆಂಬರ್ ೨೦೨೫, ಶುಕ್ರವಾರ

ನನ್ನ ಮುದ್ದಿನ ಮಾಗೆಟ್‌ಗೆ ಅಮ್ಮನ ಹಾರೈಕೆಗಳು. ನಿನಗೆ ಶಾಂತಿಯಿರಲಿ.

ಊಟ ಸರಿಯಾಗಿ ಮಾಡುತ್ತಿದ್ದೀಯಾ? ಸೇಂಟ್-ಲೂಯಿಯ ನಿನ್ನ ಹಾಸ್ಟೆಲ್ಲಿನಲ್ಲಿ ಮೀನಿನ ಅನ್ನದೊಳಗೆ ಮೀನನ್ನು ಹುಡುಕಬೇಕು ಎಂದು ಹೋದ ಸಲ ನೀನೇ ಹೇಳಿದ್ದೆ. ಒಣಮೀನು ಕಳಿಸುತ್ತಿದ್ದೇನೆ. ಫೋನಿನಲ್ಲಿ ಮಾತು ಹಿಡಿದು ಕಳಿಸುತ್ತಿದ್ದ ಅಮ್ಮ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ಮಹಿಳಾ ಸಂಘದ ಪಾಠದಲ್ಲಿ ಕಲಿತ ಅಕ್ಷರ ಇಂದು ಉಪಯೋಗಕ್ಕೆ ಬಂತು. ಹಿಡಿದಿಟ್ಟ ಧ್ವನಿಯೆಂದರೆ ನನಗೀಗ ಭಯ.

ಮೊನ್ನೆ ರೇಡಿಯೋದಲ್ಲಿ ನಿನ್ನ ಮಾತು ಬಂತು. ಮೀನುಕಟ್ಟೆಯಲ್ಲಿ ಎಲ್ಲರೂ ಕೈಕೆಲಸ ಬಿಟ್ಟು ಕೇಳಿದೆವು. 'ಏ ಸೈನಬು, ಥೇಟ್ ನಿನ್ನ ಬಾಯೇ ಕಣೇ ನಿನ್ನ ಮಗಳಿಗೆ!' ಎಂದು ಪಕ್ಕದ ದಿಯೋರ್ ತಿವಿದಳು. ನಾನು ಉಬ್ಬಿಹೋದೆ. ಆಮೇಲೆ ನೀನು ಹೇಳಿದೆ: 'ನಮ್ಮಪ್ಪ ನನ್ನನ್ನ ಸಮುದ್ರಕ್ಕೆ ಇಳಿಯೋಕೇ ಬಿಡ್ತಿರಲಿಲ್ಲ. ಅಲೆ ಮೇಲೆ ಓಡಿಸೋ ನನ್ನ ಹಲಗೆ ಮುರಿದು ಹಾಕಿದ್ರು. ಹೊಸ ಸಿನಿಮಾದಲ್ಲಿ ಅದೇ ದಡದಲ್ಲಿ ನಿಂತು ಅವರನ್ನ ಕ್ಷಮಿಸ್ತೀನಿ.' ದಿಯೋರ್ ತಲೆ ತಗ್ಗಿಸಿ ಮೀನಿನ ಹುರುಪೆ ಕೆರೆಯತೊಡಗಿದಳು.

ಮಾಗೆಟ್, ನೀನು ಬೇಕೆಂದು ಸುಳ್ಳಾಡುವವಳಲ್ಲ. ನನ್ನ ಹೆದರಿಕೆಯೇ ಅದು. ಚಿಕ್ಕಂದಿನಲ್ಲಿ ನೀನು ಮಾಡಿದ ಆ ಸಿನಿಮಾ ಜೊತೆ ಊರೂರು ತಿರುಗಿ, ನೋಡಿದ್ದನ್ನೇ ನೋಡಿ, ಅದರೊಳಗಿನ ಅಪ್ಪ ಬಂದು ನಿನ್ನಪ್ಪನ ಜಾಗದಲ್ಲಿ ಕೂತುಬಿಟ್ಟಿದ್ದಾನೆ. ಅದನ್ನು ತೆಗೆದಾಗ ನಿನಗೆ ಹತ್ತು ವರ್ಷ, ಮರೆತಿದ್ದರೆ ತಪ್ಪೇನಲ್ಲ. ಅದಕ್ಕೇ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಸೊಲಾಂಜ್ ಪ್ಯಾರಿಸಿನಿಂದ ಕ್ಯಾಮೆರಾ ಹೊತ್ತು ಬಂದದ್ದು, ಅಲೆಯ ಮೇಲೆ ಹಲಗೆ ಓಡಿಸುವ ಹುಡುಗಿಯ ಸಿನಿಮಾ ಮಾಡಲಿಕ್ಕೆ. ಒಳ್ಳೆಯ ಹೆಂಗಸು, ಅದನ್ನು ಇಂದಿಗೂ ಹೇಳುತ್ತೇನೆ. ನೀವು ನಾಲ್ವರು ಹುಡುಗಿಯರು ಆಡುತ್ತಿದ್ದಿರಿ. ಮೂವರನ್ನು ಬಂಡೆಯ ಹಿಂದೆ ಕೂರಿಸಿದಳು. ಒಬ್ಬಳೇ ಆದರೆ ಚೆಂದವಂತೆ. ನಿನ್ನ ಚಪ್ಪಲಿ ತೆಗೆಸಿದಳು, ನಮ್ಮ ಫ್ರಿಜ್ಜಿಗೆ ಚಾಪೆ ಹೊದಿಸಿದಳು. ನಾನು ತುಟಿ ಪಿಟಕ್ಕೆನ್ನದೆ ಮೂಲೆಯಲ್ಲಿ ಕೂತು ಈರುಳ್ಳಿ ಹೆಚ್ಚಬೇಕಂತೆ. ನಾನು! ಬಂದರಿನಲ್ಲಿ ಕೂಗಿ ಕೂಗಿ ಗಂಡಸರ ಕೈಲಿ ಮೀನಿನ ಬೆಲೆ ಇಳಿಸುವವಳು! ಸಿನಿಮಾದಲ್ಲಿ ಆ ಈರುಳ್ಳಿಯ ಕಣ್ಣೀರು ಗಂಡನ ಭಯದ ಕಣ್ಣೀರಾಯಿತು. ಮೊದಲ ಸಲ ನೋಡಿದಾಗ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು.

ಒಂದು ಸಂಜೆ ಚಹಾ ಕುಡಿಯುತ್ತ ಅವಳು ಕೇಳಿದಳು, ಮಗಳನ್ನು ತಡೆಯುವವರು ಮನೆಯಲ್ಲಿ ಯಾರು ಎಂದು. 'ಯಾರೂ ಇಲ್ಲಮ್ಮ' ಎಂದರು ನಿನ್ನಪ್ಪ. 'ಈಜು ಕಲಿಸಿದ್ದೇ ನಾನು. ಹಲಗೇನೂ ನಮ್ಮ ಹಳೇ ದೋಣೀದು. ಶಾಲೆ ತಪ್ಪಿಸಿದ್ರೆ ಮಾತ್ರ ಇವಳು ಸೌಟು ತಗೊಂಡು ಓಡಿಸ್ಕೊಂಡು ಬರ್ತಾಳೆ.' ಸೊಲಾಂಜಳ ಮುಖ ಬಾಡಿತು. 'ಹಾಗಾದ್ರೆ ನನಗೆ ಕಥೆಯೇ ಇಲ್ಲವಲ್ಲ' ಎಂದಳು. ಅತಿಥಿ ಕುಡಿಯದೆ ಏಳಬಾರದ ಮೂರನೆಯ ಲೋಟದ ಸಿಹಿ ಚಹಾ ಮುಟ್ಟದೆ ಎದ್ದು ಹೋದಳು.

ಅಪ್ಪ ಚಡಪಡಿಸಿದರು. 'ಮನೆಗೆ ಬಂದೋಳು ಬರಿಗೈಲಿ ಹೋಗಬಾರದು ಸೈನಬು. ಅವಳಿಗೆ ಒಬ್ಬ ಕೆಟ್ಟ ಅಪ್ಪ ಬೇಕಂತೆ. ಇಲ್ಲ ಅನ್ನೋದು ಹೇಗೆ?'

'ಅಕ್ಕಿ ಕೇಳಿದ್ರೆ ಕೊಡಿ, ಮೀನು ಕೇಳಿದ್ರೆ ಕೊಡಿ. ಮಾನ ಕೇಳಿದ್ರೂ ಕೊಡ್ತೀರಾ?' ಎಂದು ರೇಗಿದೆ.

'ಒಂದು ಗಳಿಗೆ ಆಟ ಕಣೇ. ಈ ಲಿಬಾಸ್ ಎಂಥೋನು ಅಂತ ಊರಿಗೆಲ್ಲ ಗೊತ್ತಿಲ್ವಾ?' ಎಂದು ನಕ್ಕರು. ಊರಿಗೆ ಗೊತ್ತಿತ್ತು. ಪರ ಊರಿಗೆ ಹೇಗೆ ಗೊತ್ತಾಗಬೇಕು? ಬಂದವರಿಗೆ ಇಲ್ಲ ಎನ್ನಬಾರದೆಂಬ ನಮ್ಮ ಜನರ ಹಟಕ್ಕೆ ಬಿದ್ದು ಅವರು ತಮ್ಮನ್ನೇ ಕೊಟ್ಟುಬಿಟ್ಟರು.

ಮರುದಿನ ದಡದಲ್ಲಿ ಅವರಿಗೆ ಕೋಪವೇ ಬರಲೊಲ್ಲದು. ಬಾಯಿ ತೆರೆದರೆ ನಗು. ನಿನ್ನ ಹಲಗೆ ಮುರಿದದ್ದು ಅದರ ಹಿಂದಿನ ವಾರ, ಬಂಡೆಗೆ ಬಡಿದು. ನಿನ್ನ ಮೊಣಕಾಲಿನ ಗಾಯದ ಗುರುತು ಮುಟ್ಟಿ ನೋಡಿಕೋ. ಆ ಚೂರುಗಳನ್ನು ತಂದು ಅಪ್ಪನ ಕಾಲ ಬಳಿ ಇಟ್ಟರು, ಅಷ್ಟೇ. ಕೊನೆಗೆ ಹೇಗೋ ಕೂಗಿದರು: 'ಸಮುದ್ರಕ್ಕೆ ಕಾಲಿಟ್ರೆ ನೀನು ನನ್ನ ಮಗಳೇ ಅಲ್ಲ!' ನೆರೆದವರು ಚಪ್ಪಾಳೆ ತಟ್ಟಿದರು. ಅಪ್ಪನ ಮುಖದಲ್ಲಿ ಮಾತ್ರ ಆಮೇಲೆ ನಗು ಕಾಣಲಿಲ್ಲ. ಒಂದು ಬೋಗುಣಿ ಮೊಸರು ಒಯ್ದು ನೀರಿಗೆ ಸುರಿದು, 'ಆಟಕ್ಕೆ ಅಂದದ್ದು ತಾಯೀ, ಮನಸ್ಸಿಗೆ ಹಚ್ಕೋಬೇಡ' ಎಂದು ನಮ್ಮ ಕಡಲಜ್ಜಿಯನ್ನು ಬೇಡಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಎರಡು ವರ್ಷಕ್ಕೆ ದೋಣಿ ಮಗುಚಿತು. ಉಳಿದವರು ಈಜಿ ಬಂದರು, ಅವರು ಬರಲಿಲ್ಲ. ಆ ಮಾತಿಗೇ ಕಡಲು ಮುನಿಯಿತೆಂದು ಕೆಲವರು ಆಡಿಕೊಂಡರು. ನಾನು ನಂಬುವುದಿಲ್ಲ. ಆದರೂ ಆಗಾಗ ಹೋಗಿ ಮೊಸರು ಸುರಿದು ಬರುತ್ತೇನೆ.

ಹೆಣ ಸಿಗಲಿಲ್ಲ, ಗೋರಿಯಿಲ್ಲ. ಫೋಟೋ ನಾಲ್ಕಾರಿವೆ. ಧ್ವನಿ ಉಳಿದದ್ದು ಮಾತ್ರ ಆ ಒಂದೇ ಮಾತಿನಲ್ಲಿ. ದಡದ ಹುಡುಗಿಯರು ಅದನ್ನು ಫೋನಿನಲ್ಲಿ ಹಾಕಿಕೊಂಡು, ಹಲಗೆ ಹಿಡಿದು ನೀರಿಗೆ ಓಡುತ್ತ ಒಬ್ಬರನ್ನೊಬ್ಬರು ಅಣಕಿಸುತ್ತಾರೆ. ನಾನು ಮೀನು ತೊಳೆಯುತ್ತಿರುತ್ತೇನೆ. ಬೆನ್ನ ಹಿಂದಿನಿಂದ ನಿನ್ನಪ್ಪ ಕೂಗುತ್ತಾರೆ. ಪ್ರತಿ ಸಲವೂ ತಿರುಗುತ್ತೇನೆ ಮಾಗೆಟ್. ಮೊದಲ ಕ್ಷಣ ಸಂತೋಷವೇ ಆಗುತ್ತದೆ, ಬಂದರಲ್ಲ ಎಂದು. ಆಮೇಲೆ ಮಾತು ಕಿವಿಗೆ ಬೀಳುತ್ತದೆ.

ನಿನ್ನ ಹೊಸ ಸಿನಿಮಾ ತೆಗೆಯಲು ಸೊಲಾಂಜ್ ಬರುವ ವಾರ ಬರುತ್ತಾಳಂತೆ. ಬರಲಿ, ಕೈ ತೊಳೆಸಿ ಅನ್ನ ಬಡಿಸುತ್ತೇನೆ. ನೀನು ಅಲೆಯ ಮೇಲೆ ಎಷ್ಟು ಬೇಕಾದರೂ ಕುಣಿ, ಎಷ್ಟು ಸಿನಿಮಾದಲ್ಲಿ ಬೇಕಾದರೂ ಮಾಡು, ನನಗೆ ಹೆಮ್ಮೆಯೇ. ಆದರೆ ಆ ದಡದಲ್ಲಿ ನಿಂತು ಅಪ್ಪನನ್ನು ಕ್ಷಮಿಸಿದೆ ಎನ್ನಬೇಡ. ಏನನ್ನು ಕ್ಷಮಿಸುತ್ತೀಯೇ? ಹೆಗಲ ಮೇಲೆ ಕೂರಿಸಿಕೊಂಡು ಅಲೆ ದಾಟಿಸಿದ್ದನ್ನೇ? ಎದೆಮಟ್ಟ ನೀರಿನಲ್ಲಿ ನಿಂತು, ಈಗ ಏಳು, ಈಗ ಏಳು ಎಂದು ಹಲಗೆ ನೂಕಿದ್ದನ್ನೇ? ನಿನ್ನ ಬಾಯಿಂದ ಕ್ಷಮೆ ಬಂದ ದಿನ ಅವರು ತಪ್ಪಿತಸ್ಥರಾಗಿಬಿಡುತ್ತಾರೆ. ಆಮೇಲೆ ನಾನು ಎಷ್ಟು ಬಾಯಿ ಬಡಿದುಕೊಂಡರೂ ಈರುಳ್ಳಿ ಹೆಚ್ಚುವವಳ ಮಾತು ಯಾರು ಕೇಳುತ್ತಾರೆ?

ನನಗೆ ಅವರು ನಿನ್ನೆ ಕಂಡಷ್ಟು ಸ್ಪಷ್ಟವಾಗಿ ನೆನಪಿದ್ದಾರೆ. ನನ್ನ ಮಾತು ನಂಬು.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಸೈನಬು

ಬಿಟ್ಟುಹೋದ ಮಾತು: ಕಾಗದ ಮಡಿಸಿಟ್ಟವಳು ಮತ್ತೆ ಬಿಚ್ಚಿದೆ. ಕೊನೆಯಲ್ಲಿ ಬರೆದದ್ದು ಪೂರ್ತಿ ನಿಜವಲ್ಲ. ಅವರ ಮುಖ ನೆನಪಿದೆ, ಹಗ್ಗ ಎಳೆದು ಒರಟಾದ ಕೈ ನೆನಪಿದೆ. ದೋಣಿಯಿಂದ ಇಳಿಯುತ್ತ ದಿನವೂ ನನ್ನ ಹೆಸರು ಹಿಡಿದು ಕರೆಯುತ್ತಿದ್ದರಲ್ಲ, ಅದನ್ನು ಕೇಳಬೇಕೆಂದು ಕಣ್ಣು ಮುಚ್ಚಿದರೆ ನನಗೂ ಈಗ ಆ ಬೈಗುಳದ ದನಿಯೇ ಬರುತ್ತದೆ. ಯಾವಾಗಿನಿಂದ ಹೀಗಾಯಿತೋ ತಿಳಿಯದು. ನಿನ್ನದು ಎಳೆಯ ಕಿವಿ, ಮಗಳೇ. ಅವರು ಹೇಗೆ ಕರೆಯುತ್ತಿದ್ದರೆಂದು ನಿನಗೆ ಒಂದಿಷ್ಟಾದರೂ ನೆನಪಿದ್ದರೆ ಸಿನಿಮಾದವರಿಗೆ ಹೇಳಬೇಡ. ಮನೆಗೆ ಬಾ. ಬಂದು ಒಂದೇ ಒಂದು ಸಲ ನನ್ನನ್ನು ಹಾಗೆ ಕರೆ.