‘ಬೇ’ ಎಂದು ಬರೆದ ಪೆಟ್ಟಿಗೆಗಳು

ಏಳನೇ ತಾರೀಖು, ಭಾನುವಾರ

ಮುನಿಸಿಕೊಂಡು ಮಗಳ ಮನೆ ಸೇರಿರುವ ತಂಗಿಗೆ ಅಕ್ಕ ಬರೆಯುವುದು.

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದೆಯಲ್ಲ, ನಿನಗೆ ಪುಣ್ಯ ಬರಲಿ. ನಾಲ್ಕನೇ ಕ್ಲಾಸಿಗೇ ಬಿಟ್ಟ ಕೆಲಸ ಇದು. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ‘ಹೂಂ’ ಅಂದು ಇಟ್ಟುಬಿಡುತ್ತೀಯ. ಆ ‘ಹೂಂ’ ತಗೊಂಡು ನಾನೇನು ಉಪ್ಪಿನಕಾಯಿ ಹಾಕಲೇ? ಬರೆಯೋಣ ಅಂದರೆ ಈ ಮನೆಯಲ್ಲಿ ಜಾಗವೂ ಇಲ್ಲ. ಅಡುಗೆಕಟ್ಟೆಯ ಮೇಲೆ ಕಾಗದ ಇಟ್ಟೆ, ಅಂಟಿಕೊಂಡಿತು. ಬಿಡಿಸಿದರೆ ಹಿಂದಿನ ಬಾಡಿಗೆಯವರ ಎಣ್ಣೆ ಜಿಡ್ಡು ಕಾಗದದ ಬೆನ್ನಿಗೆ ಬಂತು. ಅದಕ್ಕೇ ಹಳದಿ ಕಲೆ ಇದೆ. ಮೂಸಿ ನೋಡಬೇಡ.

ಮೊದಲು ವಿಷಯ. ಕೆಳಗಿನ ಮನೆಯೊಡತಿ ನಿನ್ನೆ ಮೇಲೆ ಹತ್ತಿ ಬಂದಿದ್ದಳು. ‘ಇಬ್ಬರು ಅಕ್ಕತಂಗಿ ಅಂತ ಹೇಳಿದ್ದಕ್ಕೆ ಮನೆ ಕೊಟ್ಟೆ ಕಣಮ್ಮ. ಒಂಟಿ ಮುದುಕೀನ ಇಟ್ಕೊಳ್ಳೋಕೆ ನನಗೆ ಧೈರ್ಯ ಸಾಲದು. ನಾಳೆ ಬಚ್ಚಲಲ್ಲಿ ಜಾರಿ ಬಿದ್ರೆ ಬಾಗಿಲು ಒಡೆಯೋರು ಯಾರು?’ ಅಂದಳು. ಬೀಳೋದಾದ್ರೆ ನಿಮ್ಮ ಮೆಟ್ಟಿಲ ಮೇಲೇ ಬೀಳ್ತೀನಿ, ಬಾಗಿಲು ಉಳಿಯುತ್ತೆ ಅಂದೆ. ಅವಳು ನಗಲಿಲ್ಲ. ಹದಿನೈದರೊಳಗೆ ನೀನು ಬಂದು ನೆಲೆ ನಿಲ್ಲದಿದ್ದರೆ ಮನೆ ಬೇರೆಯವರಿಗಂತೆ. ನಾನು ಅಡುಗೆ ಮಾಡಿಕೊಂಡಿದ್ದ ಹಾಸ್ಟೆಲಿನ ಕೋಣೆಯಲ್ಲಿ ಆಗಲೇ ಹೊಸ ಅಡುಗೆಯವನು ಮಂಚ ಹಾಕಿಕೊಂಡಿದ್ದಾನೆ. ನಾನು ಎಲ್ಲಿಗೆ ಹೋಗಬೇಕು ಅನ್ನುವುದನ್ನು ನೀನೇ ಯೋಚಿಸು. ನನಗೆ ಯೋಚನೆ ಮಾಡಿ ಸಾಕಾಗಿದೆ.

ಇನ್ನು ಪೆಟ್ಟಿಗೆಗಳ ಮಾತು. ನಿನ್ನ ಮಗಳ ಹತ್ತಿರ ‘ಅಕ್ಕ ನನ್ನ ಪಾತ್ರೆಗಳನ್ನೆಲ್ಲ ಗುಜರಿಗೆ ಹಾಕಿದಳು’ ಅಂದಿದ್ದೀಯಂತೆ. ಹಾಕಿದ್ದು ಹೌದು. ಯಾಕೆ ಹಾಕಿದೆ ಅನ್ನುವುದನ್ನೂ ಹೇಳಿದೆಯಾ? ಸಾಮಾನು ಕಟ್ಟಲು ನಿನ್ನ ಹಳೆಯ ಮನೆಗೆ ಬಂದವಳು ನಾನು. ಹರಕು ಚಾಪೆ, ಮುರುಕು ಸ್ಟೂಲು, ಮುಚ್ಚಳವಿಲ್ಲದ ಡಬ್ಬ, ಇವನ್ನೆಲ್ಲ ಪೆಟ್ಟಿಗೆಗೆ ತುಂಬಿ ಮೇಲೆ ‘ಬೇ’ ಅಂತ ಬರೆದೆ. ಬೇ ಅಂದರೆ ಬೇಡ. ನೀನು ಒಳಗಿನ ಕೋಣೆಯಲ್ಲಿ ಕೂತು ನಿನ್ನ ಪಾತ್ರೆ, ಚಾಕು, ಸೌಟು, ದಪ್ಪ ತಳದ ಪಾತ್ರೆ ಎಲ್ಲ ಕಟ್ಟಿ ನೀನೂ ‘ಬೇ’ ಅಂತ ಬರೆದೆ. ಬೇ ಅಂದರೆ ಬೇಕು. ಇನ್ನೊಂದು ಅಕ್ಷರ ಬರೆದಿದ್ದರೆ ನಿನ್ನ ಬೆರಳು ಸವೆದು ಹೋಗುತ್ತಿತ್ತಾ? ನನ್ನದು ನಾಲ್ಕನೇ ಕ್ಲಾಸು, ನನಗೆ ಸೋಮಾರಿತನ ಒಪ್ಪುತ್ತದೆ. ನೀನು ಹತ್ತು ಪಾಸಾದವಳು.

ಲಾರಿಯವನು ಕೇಳಿದ, ‘ಅಮ್ಮಾ, ಈ ಬೇ ಎಲ್ಲ ಏನ್ಮಾಡಲಿ?’ ಅಂತ. ಗುಜರಿಗೆ ಇಳಿಸಿಬಿಡಪ್ಪ ಅಂದೆ. ಎತ್ತುವಾಗ ಒಂದು ಪೆಟ್ಟಿಗೆ ಗಡಗಡ ಅಂದಿತು. ಹಳೆಯ ಡಬ್ಬಗಳು ಅಂದುಕೊಂಡೆ. ಬಿಚ್ಚಿ ನೋಡಲಿಲ್ಲ. ಅಷ್ಟು ನನ್ನ ತಪ್ಪು, ಒಪ್ಪಿಕೊಂಡೆ. ಅದಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ.

ಮಾರನೆಯ ದಿನ ಗುಜರಿ ಅಂಗಡಿಗೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಆ ಮನುಷ್ಯ ಬಾಯಲ್ಲಿ ಏನನ್ನೋ ಜಗಿಯುತ್ತಾ, ಕಾಲ ಮೇಲೆ ಕಾಲು ಹಾಕಿಕೊಂಡು, ಜಜ್ಜಿದ ಪಾತ್ರೆಗಳ ರಾಶಿಯ ಮೇಲೆ ಕೂತಿದ್ದ. ‘ಅಮ್ಮಾ, ಇಲ್ಲಿ ಬಂದಿದ್ದು ತಕ್ಷಣ ಚಪ್ಪಟೆ’ ಅಂದ. ನಿನ್ನ ದಪ್ಪ ತಳದ ಪಾತ್ರೆ ಅವನ ಕುಂಡೆಯ ಅಡಿಯಲ್ಲೇ ಇತ್ತೋ ಏನೋ. ನೋಡಲು ನನಗೆ ಮನಸ್ಸಾಗಲಿಲ್ಲ. ನಾಯಿ ಮೂಸುತ್ತಿದ್ದ ಮೂಲೆಯಲ್ಲಿ ನಿನ್ನ ಸೌಟೊಂದು ಸಿಕ್ಕಿತು. ಕಿತ್ತುಕೊಂಡು ಬಂದು ಮೂರು ಸಲ ಕುದಿಯುವ ನೀರಿನಲ್ಲಿ ಹಾಕಿದೆ. ಆದರೂ ಅದರಲ್ಲಿ ಬಡಿಸುವಾಗ ನನಗೆ ಆ ನಾಯಿಯೇ ಕಾಣುತ್ತದೆ.

ಹಾಸ್ಟೆಲಿನ ಹಂಡೆಗಳು ಹಾಸ್ಟೆಲಿನವು. ಇಷ್ಟು ವರ್ಷ ಅಡುಗೆ ಮಾಡಿದ ನನ್ನ ಹತ್ತಿರ ಸ್ವಂತಕ್ಕೆ ಅಂತ ಇದ್ದದ್ದು ಒಂದು ಬಾಣಲೆ. ಅದೊಂದು, ನಿನ್ನ ಕರೆಂಟ್ ಕೆಟಲು, ಹಳೆಯ ಕರೆಂಟ್ ಒಲೆ. ಅದರಲ್ಲೇ ನಡೆಯಿತು ನಮ್ಮ ಸಂಸಾರ. ಥೂ, ಏನು ಸಂಸಾರ ಅದು. ಕೆಟಲಿನಲ್ಲಿ ಮೊಟ್ಟೆ ಬೇಯಿಸಿ ಅದರಲ್ಲೇ ಚಹಾ ಕುದಿಸಿದರೆ ಚಹಾದಲ್ಲಿ ಕೋಳಿಗೂಡಿನ ವಾಸನೆ. ಅನ್ನ ಮಾಡಿದರೆ ಬೇಳೆಗೆ ಪಾತ್ರೆಯಿಲ್ಲ. ಅನ್ನವನ್ನು ರಟ್ಟಿನ ಮೇಲೆ ಹರಡಿ ಬೇಳೆ ಇಟ್ಟರೆ, ಬೇಳೆ ಬೇಯುವ ಹೊತ್ತಿಗೆ ಅನ್ನಕ್ಕೆ ರಟ್ಟಿನ ರುಚಿ. ಕೆಟಲು, ಒಲೆ ಎರಡನ್ನೂ ಒಟ್ಟಿಗೆ ಹಚ್ಚಿದರೆ ಫ್ಯೂಸು ಹಾರಿ ಕೆಳಗಿನಿಂದ ‘ಮತ್ತೆ ಹೋಯ್ತಾ’ ಅನ್ನುವ ಮನೆಯೊಡತಿಯ ಕೂಗು. ಬೇಳೆ ಕಟ್ಟು ಬಸಿಯಲು ನಾನು ಬಚ್ಚಲ ಮಗ್ಗು ತಂದಾಗ ನೀನು ಮುಖ ತಿರುಗಿಸಿದೆ. ತೊಳೆದಿದ್ದೆ ಕಣೇ. ಬೂದಿ ಹಾಕಿ ಉಜ್ಜಿದ್ದೆ. ಆದರೂ ಆ ದಿನ ನನಗೂ ಗಂಟಲಲ್ಲಿ ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ.

ಉಪ್ಪಿನ ವಿಷಯದಲ್ಲಿ ನಿನ್ನ ಮಾತು ನಿಜ. ನನ್ನ ಕೈ ಹಂಡೆಗೆ ಪಳಗಿದ ಕೈ. ಮುಷ್ಟಿ ತುಂಬಿ ಹಾಕುವುದೇ ಗೊತ್ತು. ‘ಅಕ್ಕಾ, ಸಮುದ್ರಾನೇ ಸೋಸಿ ತಂದ್ಯಾ?’ ಅಂದೆಯಲ್ಲ, ಆಗ ಸಿಟ್ಟು ಬಂದಿತ್ತು. ಅಷ್ಟು ಹುಡುಗರು ತಿಂದು ದೊಡ್ಡವರಾದ ಕೈ ಇದು ಅಂತ ಕೂಗಾಡಿದೆ. ನೀನು ತಟ್ಟೆಗೆ ನೀರು ಹೊಯ್ದು ಹಿಂಡಿ ತಿಂದೆ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕತ್ತರಿ. ಅದಕ್ಕೇ ನೀನು ಚೀಲ ಎತ್ತಿದ್ದು, ಪಾತ್ರೆಗಳಿಗಲ್ಲ. ಅದು ನನಗೂ ಗೊತ್ತು. ಚಾಕು ಇಲ್ಲ, ಈರುಳ್ಳಿ ಹೇಗೆ ಹೆಚ್ಚಲಿ? ಹಲ್ಲಿನಲ್ಲೇ? ನಿನ್ನ ಹೊಲಿಗೆ ಪೆಟ್ಟಿಗೆಯಲ್ಲಿ ಕತ್ತರಿ ಕಂಡಿತು, ತಗೊಂಡೆ. ಈರುಳ್ಳಿ ಆಯಿತು, ಸೊಪ್ಪು ಆಯಿತು, ಆಲೂಗಡ್ಡೆಗೆ ಬಂದಾಗ ನೀನು ಬಾಗಿಲಲ್ಲಿ ನಿಂತಿದ್ದೆ. ‘ಇಡು ಕೆಳಗೆ’ ಅಂದೆ. ಅಷ್ಟೇ. ಬಟ್ಟೆ ಬಿಟ್ಟು ಕಾಗದಕ್ಕೂ ಮುಟ್ಟಿಸದ ಕತ್ತರಿ, ಅದರಲ್ಲಿ ಕತ್ತರಿಸಿಯೇ ನೀನು ಮಗಳನ್ನು ಓದಿಸಿದ್ದು. ನನಗೆ ನೆನಪಾಗಲಿಲ್ಲ ಅಂದರೆ ನೀನು ನಂಬುವುದಿಲ್ಲ. ಹಸಿವಾದಾಗ ನನಗೆ ಏನೂ ನೆನಪಾಗುವುದಿಲ್ಲ.

ಕತ್ತರಿಯನ್ನು ಸಾಣೆಯವನ ಹತ್ತಿರ ಒಯ್ದೆ. ‘ಯಾವ ಪುಣ್ಯಾತ್ಮರು ಇದಕ್ಕೆ ಹೀಗೆ ಮಾಡಿದ್ದು?’ ಅಂದ. ನನ್ನ ನಾದಿನಿ ಅಂದೆ. ಇಲ್ಲದ ನಾದಿನಿಯನ್ನು ಅಲ್ಲೇ ನಿಂತು ಚೆನ್ನಾಗಿ ಬೈದೆವು ಇಬ್ಬರೂ. ಅಲಗು ಬಂದಿದೆ, ಆದರೆ ತುದಿ ಸರಿಯಾಗಿ ಕೂಡುವುದಿಲ್ಲ. ರೇಷ್ಮೆಗೆ ಆಗದು, ಹತ್ತಿಗೆ ಆದೀತು ಅಂದ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ನೀನು ಹೋದ ಮೇಲೆ ನಾನು ಒಬ್ಬಳೇ ತಿನ್ನುತ್ತಿರುವುದನ್ನು ಊಟ ಅನ್ನಬಾರದು. ಅಕ್ಕಿ, ಬೇಳೆ, ಆಲೂಗಡ್ಡೆ ಎಲ್ಲ ಒಂದೇ ಬಾಣಲೆಗೆ ಸುರಿದು ಮೇಲೆ ತಟ್ಟೆ ಮುಚ್ಚಿಡುತ್ತೇನೆ. ಹಸುವಿನ ಮುಂದೆ ಇಟ್ಟರೆ ಹಸುವೂ ಒಮ್ಮೆ ನನ್ನ ಮುಖ ನೋಡೀತು. ಉಪ್ಪು ಈಗ ಎರಡು ಬೆರಳಲ್ಲಿ ಹಾಕುತ್ತೇನೆ. ಒಂದು ದಿನ ಸಪ್ಪೆ, ಒಂದು ದಿನ ಸಮುದ್ರ.

ಪಾತ್ರೆ ತರಲು ಅಂಗಡಿಗೂ ಹೋದೆ. ನನ್ನ ಕಣ್ಣಿಗೆ ಅಲ್ಲಿದ್ದವೆಲ್ಲ ಮಕ್ಕಳ ಆಟದ ಸಾಮಾನು. ಎಲ್ಲಕ್ಕಿಂತ ದೊಡ್ಡದನ್ನೇ ಎತ್ತಿಕೊಂಡೆ. ಅಂಗಡಿಯವನು, ‘ಅಮ್ಮಾ, ಮನೇಲಿ ಎಷ್ಟು ಜನ?’ ಅಂದ. ಪಾತ್ರೆ ಅಲ್ಲೇ ಇಟ್ಟು ಬರಿಗೈಯಲ್ಲಿ ಬಂದೆ. ಅವನು ಹಿಂದಿನಿಂದ ಏನೋ ಗೊಣಗಿದ.

ನಿನ್ನ ಕೋಣೆಯ ನೆಲ ಉಜ್ಜಿದ್ದೇನೆ. ಕಿಟಕಿಯ ಹತ್ತಿರ ಹೊಲಿಗೆ ಮಷಿನ್ನಿಗೆ ಜಾಗ ಬಿಟ್ಟಿದ್ದೇನೆ, ಬೆಳಗಿನ ಬೆಳಕು ಎಡಗಡೆಯಿಂದ ಬರುತ್ತದೆ. ಬಚ್ಚಲ ಮೋರಿಯಿಂದ ಹಿಂದಿನವರ ಕೂದಲು ಎಳೆದೆ, ಎಳೆದಷ್ಟೂ ಬಂತು, ನನಗೆ ವಾಂತಿ ಬರುವುದೊಂದೇ ಬಾಕಿ. ಅದನ್ನು ಮಾಡಿದ್ದು ನನಗೋಸ್ಕರ ಅಲ್ಲ. ನಾನು ಹೇಗೂ ಕಟ್ಟಿದ ನೀರಲ್ಲೇ ನಿಂತು ಸ್ನಾನ ಮಾಡುತ್ತಿದ್ದೆ.

ಕಾಲು ಹಿಡಿಯುವ ಅಭ್ಯಾಸ ನನಗಿಲ್ಲದ,
ನಿನ್ನ ಅಕ್ಕ

ಮತ್ತೆ ಒಂದು ಮಾತು. ಇದನ್ನು ಬರೆಯಬಾರದು ಅಂತಲೇ ಕಾಗದ ಮುಗಿಸಿದ್ದೆ. ನಿನ್ನ ಮಗಳು ಮೊನ್ನೆ ಆಫೀಸಿನಿಂದ ಫೋನ್ ಮಾಡಿದ್ದಳು. ಅಳಿಯ ಊಟ ಮುಗಿಸಿ ಎದ್ದ ಮೇಲೆಯೇ ನೀನು ಕೂರುತ್ತೀಯಂತೆ. ಎರಡನೇ ಸಲ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತೀಯಂತೆ. ‘ದೊಡ್ಡಮ್ಮ, ನಾನೇನು ಮಾಡ್ಲಿ’ ಅಂತ ಅತ್ತಳು. ನನಗೆ ಯಾಕೆ ಹೇಳಿದೆ ಅಂತ ಅವಳನ್ನು ಗೋಳು ಹೊಯ್ದುಕೊಳ್ಳಬೇಡ. ಇಲ್ಲಿ ಉಪ್ಪು ಹೆಚ್ಚಾದೀತು, ಆದರೆ ನಿನ್ನ ತಟ್ಟೆಯನ್ನು ಯಾರೂ ನೋಡುವುದಿಲ್ಲ. ಬರುತ್ತೀಯೋ ಇಲ್ಲವೋ, ಹದಿಮೂರನೇ ತಾರೀಖು ಶನಿವಾರದೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.