ಮೂರು ಗಂಟೆಯ ಆಟ

ಮಾರ್ಚ್ 4, ಸೋಮವಾರ

ಬೆಳಗ್ಗೆಯಿಂದ ಪ್ರೆಸ್ಸಿನಲ್ಲಿ ಔಷಧಿ ಲೇಬಲ್‌ಗಳ ಪ್ರೂಫ್ ತಿದ್ದುವ ಕೆಲಸ. ಹನ್ನೊಂದಕ್ಕೆ ಧರ್ಮರಕ್ಷಣಾ ಸಮಿತಿಯ ಕಾರ್ಯದರ್ಶಿ ಬಂದ. ಕರಪತ್ರ, ಐದು ಸಾವಿರ. ಅಕ್ಕ ಕೆಲಸ ಮಾಡುವ ಥಿಯೇಟರಿಗೆ ಶುಕ್ರವಾರ ಬರುವ ಸಿನಿಮಾಕ್ಕೆ ಬಹಿಷ್ಕಾರ, ಆಟದ ಹೊತ್ತಿಗೆ ಗೇಟಿನ ಮುಂದೆ ಸೇರಲು ಕರೆ. ದೇವರಿಗೆ ಅವಮಾನವಾಗಿದೆಯಂತೆ. ನೀವು ನೋಡಿದಿರಾ ಎಂದು ಕೇಳಿದೆ.

"ನೋಡಬೇಡಿ ಅಂತ ಹೇಳೋರು ನಾವು. ನಾವೇ ನೋಡಿದ್ರೆ ಹೇಗಮ್ಮ?"

ತಮಾಷೆಗಲ್ಲ. ಗಂಭೀರವಾಗಿಯೇ ಹೇಳಿದ.

ಇದನ್ನು ಮುಟ್ಟುವುದಿಲ್ಲ ಎಂದೆ ಪ್ರೆಸ್ಸಿನ ಯಜಮಾನರಿಗೆ. ಪ್ರೆಸ್ಸಿಗೆ ಅಭಿಪ್ರಾಯ ಇರುವುದಿಲ್ಲ, ಶಾಯಿ ಇರುತ್ತದೆ ಎಂದರು.

ಮಾರ್ಚ್ 5, ಸಂಜೆ

ಅಕ್ಕ ಟಿಕೆಟ್ ಕೌಂಟರಿನಿಂದ ಬೇಗ ಬಂದಳು. ಗಲಾಟೆಗೆ ಹೆದರಿ ಮಾಲೀಕ ಶುಕ್ರವಾರದ ಆರು ಗಂಟೆ ಆಟವನ್ನು ಮೂರಕ್ಕೆ ತಂದಿದ್ದಾನೆ. ಪೋಸ್ಟರಿನಲ್ಲಿ ಆರೇ ಇರುತ್ತದೆ. ಟಿಕೆಟ್ ಕಾದಿರಿಸಿದವರಿಗೆ ಮಾತ್ರ ಫೋನ್. ಸಮಿತಿಯವರು ಬರುವಷ್ಟರಲ್ಲಿ ಗೇಟಿಗೆ ಬೀಗ.

ಹೇಡಿತನ ಎಂದೆ. ಸಿನಿಮಾ ತೋರಿಸುವುದೇನು ಕಳ್ಳವ್ಯಾಪಾರವೇ?

"ನೀನು ಓದೋ ವಿಚಾರವಾದದ ಪುಸ್ತಿಕೆಗಳು ಕೌಂಟರಲ್ಲಿ ಕೂರಲ್ಲ ಕಣೇ. ಕೂರೋಳು ನಾನು."

ಮಾರ್ಚ್ 6

ಕರಪತ್ರದ ಪ್ರೂಫ್ ಮೇಜಿಗೆ ಬಂತು. ನಾಯಕಿಯ ಹೆಸರು ತಪ್ಪು. ಥಿಯೇಟರಿನ ಬೀದಿ ತಪ್ಪು. ಇದೇ ಬಾಯಿಂದ ಧರ್ಮರಕ್ಷಣೆ! ಸಿಟ್ಟಿನಲ್ಲಿ ಕೆಂಪು ಪೆನ್ನು ಓಡಿದಷ್ಟೂ ಓಡಿತು. ಹದಿಮೂರು ತಿದ್ದುಪಡಿ. ಗೊತ್ತಿದ್ದೂ ತಪ್ಪು ಬಿಡುವ ಅಭ್ಯಾಸ ಈ ಕೈಗಿಲ್ಲ. ಮೂಲೆಯಲ್ಲಿ ಸಹಿ ಹಾಕಿ ಮೆಷಿನ್‌ಗೆ ಕಳಿಸಿದೆ. ಊಟ ಸೇರಲಿಲ್ಲ.

ಮಾರ್ಚ್ 8, ಶುಕ್ರವಾರ

ಮೂರಕ್ಕೇ ಬಂದರು. ಇನ್ನೂರು ಜನ. ಕೌಂಟರಿನ ಗಾಜು ಪುಡಿ. ಅಕ್ಕನ ಬಲಗಣ್ಣಿನ ಪಕ್ಕ ಆರು ಹೊಲಿಗೆ. ಕಲ್ಲೆಸೆದವನೂ ಸಿನಿಮಾ ನೋಡಿಲ್ಲ, ಅವಳೂ ನೋಡಿಲ್ಲ — ಟಿಕೆಟ್ ಹರಿಯುವವಳಿಗೆ ಪುರುಸೊತ್ತೆಲ್ಲಿ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವರ ಜನ್ಮ ಜಾಲಾಡಿದೆ. ಮೂರು ಗಂಟೆ ಅಂತ ಬಾಯಿಬಿಟ್ಟ ದ್ರೋಹಿ ಯಾರು? ಸಿಕ್ಕರೆ ಮುಖಕ್ಕೆ ಉಗಿಯುತ್ತೇನೆ ಎಂದೆ.

ಮಾರ್ಚ್ 12

ಮಾಲೀಕ ಥಿಯೇಟರಿನಿಂದ ಸಿನಿಮಾ ತೆಗೆದುಹಾಕಿದ. ಗುಟ್ಟು ಹೊರಗೆ ಹಾಕಿದವಳು ಕೌಂಟರಿನವಳೇ ಎಂದು ಅಕ್ಕನನ್ನೂ ಕೆಲಸದಿಂದ ತೆಗೆದ.

ಮಧ್ಯಾಹ್ನ ಕಾರ್ಯದರ್ಶಿ ಪ್ರೆಸ್ಸಿಗೆ ಬಂದು ಕೈ ಮುಗಿದ.

"ಟೈಮ್ ತಿದ್ದಿದ್ದು ನೀನಂತಲ್ಲ ತಂಗಿ. ಇಲ್ಲಾಂದ್ರೆ ಬೀಗ ನೋಡ್ಕೊಂಡು ಬರ್ತಿದ್ವಿ."

ಹಳೆ ಪ್ರೂಫ್‌ಗಳ ಕಟ್ಟು ಬಿಚ್ಚಿದೆ. "ಸಂಜೆ ಆರು" ಮೇಲೆ ಕೆಂಪು ಗೆರೆ. ಪಕ್ಕದಲ್ಲಿ "ಮಧ್ಯಾಹ್ನ ಮೂರು". ನನ್ನ ಅಕ್ಷರ. ಕೆಳಗೆ ನನ್ನ ಸಹಿ. ಬರೆದ ನೆನಪೇ ಇಲ್ಲ. ಅವನ ಮುಖಕ್ಕಿಂತ ಈ ಕೈ ನೋಡಿದರೆ ಅಸಹ್ಯ.

ಈಗ ರಾತ್ರಿ, ಮನೆಯಲ್ಲಿ. ಆ ಹಾಳೆ ನನ್ನ ಬ್ಯಾಗಿನಲ್ಲಿದೆ. ಪಕ್ಕದ ಕೋಣೆಯಲ್ಲಿ ಅಕ್ಕ ಕನ್ನಡಿ ಮುಂದೆ ಗಾಯದ ಪಟ್ಟಿ ಬದಲಿಸುತ್ತಿದ್ದಾಳೆ. ಹತ್ತಿ ಕೇಳಿದಳು. ಆಮೇಲೆ, ಅಲ್ಲಿಂದಲೇ —

"ಹೇಳಿದ್ದು ಯಾರು ಅಂತ ಗೊತ್ತಾಯ್ತೇನೇ?"

ನಿಜ ಹೇಳಲು ಹೆದರಬಾರದು ಎಂದು ಎಷ್ಟು ಪುಸ್ತಿಕೆಗಳಲ್ಲಿ ಅಡಿಗೆರೆ ಎಳೆದಿದ್ದೇನೆ. ಹೇಳುತ್ತೇನೆ. ಮೊದಲು ಹತ್ತಿ ಕೊಟ್ಟು, ಪಟ್ಟಿ ಕಟ್ಟಿ, ಆಮೇಲೆ