ಟಗರು ಬದಲಿಸುವ ಮಾತು

ಮಾಧವನಗರ, ೧೯೯೬

ಅಪ್ಪನವರಿಗೆ ಅಮೋಲನ ನಮಸ್ಕಾರಗಳು.

ನನಗೆ ಎರಡನೇ ಹೆಣ್ಣು ನೋಡುವುದನ್ನು ನಿಲ್ಲಿಸಿರಿ. ಮಕ್ಕಳಾಗದಿರಲು ಕಾರಣ ಛಾಯಾ ಅಲ್ಲ, ನಾನು. ಮಿರಜದ ಡಾಕ್ಟರು ನನ್ನ ವೀರ್ಯದ ತಪಾಸಣೆ ಮಾಡಿಸಿ, ಗಿರಣಿಯ ಬಾಯ್ಲರಿನ ಕಾವಿಗೂ ತಂಬಾಕಿಗೂ ಅದು ಕೆಟ್ಟಿದೆ ಎಂದರು. ಬಾಯ್ಲರಿನ ಕೆಲಸ, ತಂಬಾಕು ಎರಡನ್ನೂ ಬಿಟ್ಟೆ. ಗುಣ ಕಾಣಲು ಕೆಲವು ತಿಂಗಳು ಬೇಕಂತೆ, ಕಾಣದೆಯೂ ಇರಬಹುದಂತೆ.

ಹಿಂಡಿನ ಕುರಿಗಳು ಗಬ್ಬ ಕಟ್ಟದಿದ್ದರೆ ನೀವು ಮೊದಲು ಟಗರನ್ನೇ ಬದಲಿಸುತ್ತೀರಿ. ಮನೆಯಲ್ಲಿ ಮಾತ್ರ ಆರು ವರ್ಷ ಸೊಸೆಯನ್ನೇ ಬಂಜೆ ಎಂದಿರಿ.

ಬಸುರಿ ತಂಗಿಯ ಕುಬಸಕ್ಕೆ ಇಬ್ಬರೂ ಆರಗದ ಮನೆಗೆ ಬರುತ್ತೇವೆ. ಛಾಯಾಳೇ ಮೊದಲು ಉಡಿ ತುಂಬಬೇಕು. ಆಗದೆಂದರೆ ನಾನೂ ಬರುವುದಿಲ್ಲ.

ಟಗರಿನ ಮಾತನ್ನು ಅವಳಿಗೂ ಹೇಳಿದೆ. ನಕ್ಕಳು. "ಹೆದರಬ್ಯಾಡ್ರಿ, ನಾ ಟಗರ ಬದ್ಲಿ ಮಾಡಾಂಗಿಲ್ಲ" ಅಂದಳು.

ನಿಮ್ಮ ಮಗ,
ಅಮೋಲ